ನಮ್ಮ ಮಾತಲ್ಲಿ ಹೇಳು

ಅವಳೇ ಆಗಿದ್ದರೆ? ಇಲ್ಲ, ಅವಳಾಗಿದ್ದರೆ ನಮ್ಮ ಮಾತಲ್ಲೇ ಹೇಳುತ್ತಿದ್ದಳು. ಆದರೆ "ಅಪ್ಪಾ" ಎನ್ನುವ ಮುಂಚೆ ಆ ದನಿ ಒಂದು ಉಸಿರು ಎಳೆದುಕೊಂಡಿತಲ್ಲ, ಅಳು ತಡೆಯುವಾಗ ಮೂಗಿನಲ್ಲಿ ಸಣ್ಣಗೆ ಎಳೆದುಕೊಳ್ಳುತ್ತಾಳಲ್ಲ, ಹಾಗೆ? ಅದನ್ನೂ ಮಿಷಿನ್ನು ಕಲಿತುಬಿಟ್ಟಿದೆಯೋ ಏನೋ. ಈಗ ಅದಕ್ಕೆ ಬಾರದ್ದೇ ಇಲ್ಲ ಎಂದು ಮಗ ಹೇಳಿದ್ದನಲ್ಲ.

ಮಾರಿಮುತ್ತು ಬೇವಿನ ಮರದ ಕೆಳಗೆ ಫೋನು ಹಿಡಿದು ನಿಂತಿದ್ದ. ಹಿಂದೆ ಶೆಡ್ಡಿನಲ್ಲಿ ಎಂಟು ಪವರ್‌ಲೂಮ್‌ಗಳು ಓಡುತ್ತಿದ್ದವು. ಫೋನು ಬಂದಾಗ ಆ ಸದ್ದಿನಿಂದ ದೂರ ಬಂದು, ಮರದ ಬುಡದಲ್ಲಿ ನಿಂತೇ ಎತ್ತಿದ್ದ. ಗೊತ್ತಿಲ್ಲದ ನಂಬರು. ಹೆಣ್ಣು ದನಿ, ತಮಿಳು: "ಅಪ್ಪಾ, ನಾನ್‌ತಾಂಪಾ. ಎನ್ನಮೋ ಸರಿಯಿಲ್ಲೆ. ಉಡನೇ ವಾಂಗಪ್ಪಾ." ನಾನೇ ಅಪ್ಪಾ, ಏನೋ ಸರಿಯಿಲ್ಲ, ಈಗಲೇ ಬನ್ನಿ.

ತಲೆಮಾರುಗಳಿಂದ ತಮಿಳುನಾಡಿನಲ್ಲಿದ್ದರೂ ಅವರ ಮನೆಮಾತು ಕನ್ನಡ; ಮಗಳು ಇಲಕ್ಕಿಯಾ ಮನೆಯಲ್ಲಿ ಅವನಿಗೆ "ಬಾ ಅಪ್ಪಾ" ಎನ್ನುವವಳು.

"ಯಾರು? ನಮ್ಮ ಮಾತಲ್ಲಿ ಹೇಳು" ಎಂದು ಅವನು ಕನ್ನಡದಲ್ಲಿ ಕೇಳಿದ.

ಆ ಕಡೆ ಯಾವುದೋ ಲಾರಿ ಹಾದುಹೋದ ಸದ್ದು ಬಂತು. ಆಮೇಲೆ ಮತ್ತೆ ತಮಿಳೇ, ಇನ್ನೂ ಮೆತ್ತಗೆ: "ವಾಂಗಪ್ಪಾ."

ಅವನು ಕಟ್ ಮಾಡಿದ.

ನಮ್ಮ ಮಾತಲ್ಲಿ ಹೇಳು ಎನ್ನಬೇಕೆಂಬ ಕಟ್ಟಳೆ ಹುಟ್ಟಿದ್ದು ಮೂರು ತಿಂಗಳ ಹಿಂದೆ. ಪಲ್ಲಡಂ ಹತ್ತಿರದ ಅವರ ಬೀದಿಯಲ್ಲೇ ಎದುರು ಮನೆಯ ದೊರೈಸಾಮಿಗೆ, ಚೆನ್ನೈಯಲ್ಲಿ ಓದುವ ಮೊಮ್ಮಗನ ದನಿಯಲ್ಲೇ ಫೋನು ಬಂದಿತ್ತು. ಗಾಡಿಯಲ್ಲಿ ಯಾರಿಗೋ ಗುದ್ದಿದ್ದೇನೆ, ಪೊಲೀಸರು ಹಿಡಿದಿದ್ದಾರೆ ಎಂಬ ಅಳು. ಮುದುಕ ಇದ್ದದ್ದನ್ನೆಲ್ಲ ಕಳಿಸಿದ. ಸಂಜೆ ನೋಡಿದರೆ ಮೊಮ್ಮಗ ಹಾಸ್ಟೆಲಿನಲ್ಲಿ ಕ್ರಿಕೆಟ್ ಆಡುತ್ತಿದ್ದ. ದೊರೈಸಾಮಿ ಎರಡು ದಿನ ಅನ್ನ ಮುಟ್ಟಲಿಲ್ಲ.

ಆ ಭಾನುವಾರ, ನಾಲ್ಕು ತಿಂಗಳ ಬಸುರಿ ಇಲಕ್ಕಿಯಾ ಮದುಕ್ಕರೈಯ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುವ ಅವಳ ಅಣ್ಣ ಶಕ್ತಿವೇಲ್ ಎಲ್ಲರನ್ನೂ ಕೂರಿಸಿಕೊಂಡು ಉಪಾಯ ಹೇಳಿದ.

"ನೋಡಪ್ಪಾ, ಕಳ್ಳರ ಹತ್ರ ತಮಿಳಿದೆ, ಹಿಂದಿ ಇದೆ, ಇಂಗ್ಲಿಷ್ ಇದೆ. ನಮ್ಮನೆ ಕನ್ನಡ ಇಲ್ಲ. ಬೆಂಗ್ಳೂರ್‌ನೋರ್ಗೇ ಅದು ಅರ್ಥ ಆಗಲ್ಲ, ಇನ್ನು ಮಿಷಿನ್‌ಗೆಲ್ಲಿ ಬರತ್ತೆ. ಯಾರೇ ಅಳ್ತಾ ಫೋನ್ ಮಾಡ್ಲಿ, ನಮ್ಮ ಮಾತಲ್ಲಿ ಹೇಳು ಅನ್ನು. ಹೇಳುದ್ರೆ ನಮ್ಮೋರು. ಇಲ್ಲಾಂದ್ರೆ ಕಟ್ ಮಾಡು."

"ಓದಕ್ ಬರ್ದು, ಬರಿಯಕ್ ಬರ್ದು. ಇದುಕ್ಕಾದ್ರೂ ಆಯ್ತಲ್ಲ ನಮ್ ಕನ್ನಡ" ಎಂದಳು ಮಾರಿಮುತ್ತುವಿನ ಹೆಂಡತಿ ಕುಪ್ಪಮ್ಮ.

"ಅಣ್ಣಾ, ನಿನ್ ಕನ್ನಡ ಕೇಳುದ್ರೆ ಅಪ್ಪ ಮೊದ್ಲು ನಿನ್ನೇ ಕಟ್ ಮಾಡ್ತಾನೆ" ಎಂದು ಇಲಕ್ಕಿಯಾ ನಕ್ಕಿದ್ದಳು.

ಎಲ್ಲರೂ ನಕ್ಕರು. ಮಾರಿಮುತ್ತುವಿಗೆ ಮಾತ್ರ ಒಂದು ಗಳಿಗೆ ಏನೋ ಅಡ್ಡ ಬಂದಂತಾಯಿತು. ಮಗಳು ಸೇರಿದ್ದು ತಮಿಳು ಮನೆ. ಅಲ್ಲಿ ಅವಳು ತಾಯಿಯೊಂದಿಗೆ ಫೋನಿನಲ್ಲಿ ಕನ್ನಡ ಆಡಿದರೆ, ಅದೇನು ಗುಟ್ಟು ಹೇಳುತ್ತಿದ್ದೀಯ ಎಂದು ಅತ್ತೆ ಕೇಳುತ್ತಿದ್ದಳು. ಹಾಗಾಗಿ ವರ್ಷದಿಂದೀಚೆಗೆ ಅವಳ ಫೋನೆಲ್ಲ ತಮಿಳಿನಲ್ಲೇ ಬರುತ್ತಿತ್ತು. ಅದನ್ನು ಹೇಳಬೇಕೆನಿಸಿತು. ಆದರೆ ಮಗನ ಮಾತು ಅಳತೆ ಹಿಡಿದು ನೇಯ್ದಂತಿತ್ತು, ನಡುವೆ ಬಾಯಿ ಹಾಕಲು ಅವನಿಗೆ ಸಂಕೋಚ.

ಈಗ ಮರದ ಕೆಳಗೆ ನಿಂತು ಅವನು ಮಗನಿಗೆ ಫೋನು ಮಾಡಿ ಆ ನಂಬರು ಹೇಳಿದ. ಇಲಕ್ಕಿಯಾಳ ಫೋನಿಗೆ ಮಾಡಿದರೆ ಸ್ವಿಚ್ ಆಫ್ ಎಂದು ಬರುತ್ತಿದೆ ಎಂದೂ ಹೇಳಿದ.

"ಸೂಪರ್ ಅಪ್ಪಾ, ಕರೆಕ್ಟಾಗಿ ಹಿಡ್ದಿದ್ದೀಯ" ಎಂದ ಶಕ್ತಿವೇಲ್. "ಇಲಕ್ಕಿಯಾ ಮಧ್ಯಾಹ್ನ ಮಲ್ಗಿರ್ತಾಳೆ. ನೀನು ಆ ನಂಬರ್ ಬ್ಲಾಕ್ ಮಾಡು. ವಾಪಸ್ ಮಾತ್ರ ಮಾಡ್ಬೇಡ, ಅದು ಇನ್ನೂ ದೊಡ್ಡ ಬಲೆ."

ಫೋನಿನ ವಿಷಯದಲ್ಲಿ ಮಗ ಅವನನ್ನು ಮೆಚ್ಚಿದ್ದು ಅದೇ ಮೊದಲು. ಮಾರಿಮುತ್ತು ಬ್ಲಾಕ್ ಮಾಡಿದ.

ಒಳಗೆ ಹೋದ. ಮೂವತ್ತು ವರ್ಷದಿಂದ ಯಾವ ಮಗ್ಗದಲ್ಲಿ ಎಳೆ ಹರಿಯುತ್ತದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸದ್ದಿನೊಳಗೆ ಯಾವುದೋ ಒಂದು ಸಣ್ಣ ವ್ಯತ್ಯಾಸ, ಕಾಲು ತಾನೇ ಆ ಕಡೆ ನಡೆಯುತ್ತಿತ್ತು. ಹೇಗೆ ಗೊತ್ತಾಯಿತೆಂದು ಕೇಳಿದರೆ ಹೇಳಲು ಬಾರದು. ಇವತ್ತು ಕಾಲು ಬಸ್ ಸ್ಟ್ಯಾಂಡಿನ ಕಡೆಗೆ ಎಳೆಯುತ್ತಿತ್ತು. ಮೊಳೆಯಿಂದ ಅಂಗಿ ತೆಗೆದು ತೊಟ್ಟ. ಎರಡು ಬಸ್ಸು ಹಿಡಿದು ಮದುಕ್ಕರೈ ಮುಟ್ಟಬೇಕು. ಹೇಳದೆ ಕೇಳದೆ ಬೀಗರ ಬಾಗಿಲಲ್ಲಿ ನಿಂತರೆ, ಏನು ಬಂದಿರಿ ಎನ್ನುತ್ತಾರೆ. ಕಳ್ಳ ಫೋನು ಬಂತು, ಅದಕ್ಕೇ ಬಂದೆ ಎನ್ನಬೇಕೆ? ಅಳಿಯ ಮಣಿಕಂಠನ್‌ಗೆ ಫೋನು ಮಾಡಿ ಕೇಳಿದರೂ ಅಷ್ಟೇ, ಅವನು ನಗುತ್ತಾನೆ, ಅವನ ತಾಯಿ ಬೀದಿಗೆಲ್ಲ ಹೇಳಿಕೊಂಡು ನಗುತ್ತಾಳೆ.

ಅಂಗಿ ಬಿಚ್ಚಿ ಮತ್ತೆ ಮೊಳೆಗೆ ಹಾಕಿದ.

ಆರೂವರೆಗೆ ಮಣಿಕಂಠನ್ ಫೋನು ಮಾಡಿದ. ಅವನು ಬರೀ ಅಳುತ್ತಿದ್ದ. ಫೋನು ಇಸಿದುಕೊಂಡ ಇನ್ಯಾರೋ ಆಸ್ಪತ್ರೆಯ ಹೆಸರು ಹೇಳಿದರು.

ಆದದ್ದು ಇಷ್ಟು. ಬೆಳಿಗ್ಗೆಯಿಂದ ಹೊಟ್ಟೆಯೊಳಗೆ ಮಗು ಮಿಸುಕಿರಲಿಲ್ಲ. ಇಲಕ್ಕಿಯಾ ಅತ್ತೆಗೆ ಹೇಳಿದಳು. ಅತ್ತೆ ಕೆಟ್ಟವಳಲ್ಲ, ತನ್ನ ಫೋನಿನಲ್ಲಿ ಬಂದ ಒಂದು ವೀಡಿಯೋ ತೋರಿಸಿದಳು. ಬಿಳಿ ಕೋಟು ಹಾಕಿದ ಹೆಂಗಸೊಬ್ಬಳು, ಏಳನೇ ತಿಂಗಳಲ್ಲಿ ಮಗು ಇಡೀ ದಿನ ನಿದ್ದೆ ಮಾಡುತ್ತದೆ, ಸಕ್ಕರೆ ನೀರು ಕುಡಿದು ಮಲಗಿ ಎಂದು ನಗುನಗುತ್ತ ಹೇಳುತ್ತಿದ್ದಳು. ಲಕ್ಷ ಜನ ಅದನ್ನು ನೋಡಿದ್ದರು. ಇಲಕ್ಕಿಯಾ ಸಕ್ಕರೆ ನೀರು ಕುಡಿದಳು, ಮಲಗಿದಳು, ಎದ್ದಳು. ಅವಳ ಫೋನು ಹಿಂದಿನ ದಿನ ಬಕೆಟ್ಟಿನಲ್ಲಿ ಬಿದ್ದು ಕೆಟ್ಟಿತ್ತು. ಪಕ್ಕದ ಮನೆಯವಳ ಫೋನು ಇಸಿದುಕೊಂಡು, ಬಾಯಿಪಾಠವಿದ್ದ ಒಂದೇ ನಂಬರಿಗೆ ಮಾಡಿದಳು. ಸಂಜೆ ಕೆಲಸದಿಂದ ಬಂದ ಗಂಡ ಅವಳ ಮುಖ ನೋಡಿ ಆಟೋ ಕರೆಸಿದ. ಅಷ್ಟರಲ್ಲಿ ಮಗುವಿನ ಗುಂಡಿಗೆ ನಿಂತಿತ್ತು. ಮಧ್ಯಾಹ್ನ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಕುಪ್ಪಮ್ಮ ಡಾಕ್ಟರಮ್ಮನನ್ನು ಕೇಳಿದಳು. ಡಾಕ್ಟರಮ್ಮ ಅವಳ ಭುಜ ಮುಟ್ಟಿ ಮುಂದೆ ಹೋದರು.

ಹತ್ತು ದಿನದ ಮೇಲೆ ಮಗಳನ್ನು ಮನೆಗೆ ಕರೆತಂದರು. ಶಕ್ತಿವೇಲ್ ಅವಳಿದ್ದ ಕೋಣೆಗೆ ಹೋಗುತ್ತಲೇ ಇರಲಿಲ್ಲ. ಮಾರಿಮುತ್ತು ಕಾಫಿ ಹಿಡಿದು ಹೋಗಿ ಮಂಚದ ಪಕ್ಕದಲ್ಲಿ ಕೂತ.

"ಪಕ್ಕದ್ಮನೆ ಅಕ್ಕ ಅಲ್ಲೇ ನಿಂತಿದ್ರು ಅಪ್ಪಾ" ಎಂದಳು ಇಲಕ್ಕಿಯಾ. ಅವನೇನೂ ಕೇಳಿರಲಿಲ್ಲ, ತಾನಾಗಿಯೇ ಹೇಳಿದಳು. ಕನ್ನಡವನ್ನು ಒಂದೊಂದೇ ಮಾತಾಗಿ ಹುಡುಕಿ ಆಡುತ್ತಿದ್ದಳು. "ನಮ್ ಮಾತಲ್ಲಿ ಹೇಳಿದ್ರೆ, ಅತ್ತೆ ಮೇಲೆ ಚಾಡಿ ಹೇಳ್ದೆ ಅಂತ ಆಗ್ತಿತ್ತು. ಆಮೇಲೆ ಆದ್ರೆ ಆಗ್ಲಿ, ಕನ್ನಡದಲ್ಲೇ ಹೇಳಣ ಅಂತ ಇನ್ನ ಮೂರ್ ಸಲ ಮಾಡ್ದೆ. ಹೋಗ್ಲಿಲ್ಲ."

ಅವನು ಲೋಟದ ಕಡೆ ನೋಡುತ್ತಿದ್ದ.

"ಸರಿ, ನಂಗೇ ಏನೋ ಭ್ರಮೆ ಅನ್ಕೊಂಡು ಹೋಗಿ ಮಲ್ಕೊಂಡೆ." ಕಾಫಿ ಲೋಟ ತೆಗೆದುಕೊಂಡು ಕೇಳಿದಳು, "ನನ್ ದನಿ ಅಂತ ಗೊತ್ತೇ ಆಗ್ಲಿಲ್ವಾ ಅಪ್ಪಾ?"

"ಮಗ್ಗದ ಸದ್ದು, ಕಂದಾ."

"ಅದೇ ಅನ್ಕೊಂಡೆ" ಎಂದು ಅವಳು ಅವನ ಮೊಣಕೈ ತಟ್ಟಿದಳು, ಸಮಾಧಾನ ಮಾಡುವಂತೆ.

ಆಮೇಲೆ ಅವಳು ಎರಡು ತಿಂಗಳು ತವರಿನಲ್ಲೇ ಇದ್ದಳು. ದಿನವೂ ಅವನು ಅವಳ ಪಕ್ಕ ಕೂತು ಎದ್ದುಹೋಗುತ್ತಿದ್ದ. ಮೊದಲ "ಅಪ್ಪಾ" ಕೇಳಿದಾಗಲೇ ಅದು ಅವಳೆಂದು ತನಗೆ ಗೊತ್ತಿತ್ತು ಎಂಬುದನ್ನು ಅವನು ಅವಳಿಗೆ ಹೇಳಲಿಲ್ಲ.