ಎರಡು ಬೆರಳು ಕಡಿಮೆ

ಅಕ್ಕ ಲೋಟಕ್ಕೆ ಕಂಠದವರೆಗೂ ನೀರು ಸುರಿದಳು. ಅಪ್ಪನ ಕಾಲದಿಂದ ನಡೆದುಬಂದ ಅಳತೆ ಎಂದರೆ ಅಂಚಿಗಿಂತ ಎರಡು ಬೆರಳು ಕಡಿಮೆ. ಇವತ್ತು ಅರ್ಧ ಬೆರಳೂ ಬಿಟ್ಟಿರಲಿಲ್ಲ, ಚೂರು ಕುಲುಕಿದರೆ ಚೆಲ್ಲುವಷ್ಟು. ಜೀಪಿನ ಮುಂಗಾಜಿನ ಕೆಳಗೆ ಹಳೇ ಟಯರಿನಿಂದ ಕತ್ತರಿಸಿ ಅಂಟಿಸಿದ್ದ ರಬ್ಬರಿನ ಚೌಕದ ಮೇಲೆ ಅದನ್ನಿಟ್ಟು, ಪಕ್ಕದ ಸೀಟಿನಲ್ಲಿ ಕೂತಳು. ಇಪ್ಪತ್ತಾರು ವರ್ಷದಲ್ಲಿ ಅವಳು ಆ ಬದಿಯಿಂದ ಜೀಪು ಹತ್ತಿದ್ದು ಇದೇ ಮೊದಲು. ಬಾಗಿಲ ಹಿಡಿಗೆ ಕೈ ತಡಕಾಡಬೇಕಾಯಿತು.

"ಇಷ್ಟೊಂದಾ, ಅತ್ತಿಗೆ?" ಎಂದಳು ಸ್ಟೇರಿಂಗ್ ಹಿಡಿದು ಕೂತಿದ್ದ ತಮ್ಮನ ಹೆಂಡತಿ.

"ಯಾವಾಗ್ಲೂ ಇಷ್ಟೇ."

ಎರಡು ತಿಂಗಳಿಂದ ತಮ್ಮನ ಹೆಂಡತಿ ಟ್ರೈಲರ್ ಎಳೆದು ಅಭ್ಯಾಸ ಮಾಡಿದ್ದಳು. ಮೊದಲು ಖಾಲಿ, ಆಮೇಲೆ ಮರಳಿನ ಮೂಟೆ ಹೇರಿಕೊಂಡು. ಆಗ ಗಂಡ ಲೋಟಕ್ಕೆ ಎಷ್ಟು ನೀರು ಹಾಕಿಕೊಡುತ್ತಿದ್ದ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಒಂದು ಸಲ ಲೋಟ ನೋಡಿ, "ಆಯ್ತು" ಎಂದು ಕೀಲಿ ತಿರುಗಿಸಿದಳು. ಎದುರು ಮಾತಾಡಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

ಹಿಂದಿನ ಟ್ರೈಲರಿನಲ್ಲಿದ್ದದ್ದು ಮೂರು ಪುಟ್ಟ ಕುದುರೆಗಳು. ಸೊಂಟಕ್ಕೂ ಬಾರದ ಜಾತಿ, ಬೆಳೆದ ಮೇಲೂ ಅಷ್ಟೇ. ಗುಂಡ, ಕಡ್ಡಿ, ಮತ್ತೆ ಇಪ್ಪತ್ತೆರಡು ವರ್ಷದ ಹೆಣ್ಣು ಕುದುರೆ ಅಜ್ಜಿ. ತಿಂಗಳಿಗೊಮ್ಮೆ ಅವನ್ನು ಒಂದೂವರೆ ಗಂಟೆ ದೂರದ ಮಕ್ಕಳ ಆಸ್ಪತ್ರೆಗೆ ಕರೆದೊಯ್ಯುವುದು ಅಪ್ಪ ಶುರುಮಾಡಿದ ಕೆಲಸ. ಹಾಸಿಗೆಯಿಂದ ಏಳಲಾಗದ ಮಕ್ಕಳ ಮಂಚದ ಪಕ್ಕ ನಿಂತರೆ ಕುದುರೆಯ ಮೂಗು ಸರಿಯಾಗಿ ದಿಂಬಿನ ಮಟ್ಟಕ್ಕೆ ಬರುತ್ತದೆ. ಲೋಟವೂ ಅಪ್ಪನದೇ ಉಪಾಯ. ಹಿಂದೆ ನಿಂತವಕ್ಕೆ ಹಿಡಿದುಕೊಳ್ಳೋಕೆ ಕೈಯಿಲ್ಲ ಅನ್ನೋದನ್ನ ಮರೀಬೇಡ, ಎನ್ನುತ್ತಿದ್ದ. ಇಲ್ಲಿ ಒಂದು ಹನಿ ಚೆಲ್ಲಿತು ಅಂದರೆ ಅಲ್ಲಿ ಒಂದು ಕಾಲು ಜಾರಿತು ಅಂತ ಲೆಕ್ಕ. ಅಪ್ಪ ಹೋದಾಗ ತಮ್ಮನಿಗೆ ಒಂಬತ್ತು ವರ್ಷ. ಅವನನ್ನು, ಕುದುರೆಗಳನ್ನು, ಲೋಟವನ್ನು ಒಟ್ಟಿಗೇ ಅಕ್ಕ ಹೊತ್ತುಕೊಂಡಳು. ಮದುವೆಯ ಮಾತು ಎತ್ತಿದವರಿಗೆಲ್ಲ, ನನ್ನ ಮಕ್ಕಳಿಗೆ ತಲಾ ನಾಲ್ಕು ಕಾಲು, ಒಬ್ಬನಿಗೆ ಮಾತ್ರ ಎರಡು ಎಂದು ನಗಿಸಿ ಕಳಿಸುತ್ತಿದ್ದಳು.

ಆ ಎರಡು ಕಾಲಿನವನು ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬ ನರ್ಸಿನ ಜೊತೆ ಮಾತಿಗೆ ಬಿದ್ದ. ಮೊದಮೊದಲು ಅಜ್ಜಿಯ ಗೊರಸಿನ ವಿಷಯ, ಆಮೇಲೆ ಬೇರೆ ವಿಷಯ. ತಿಂಗಳಿಗೊಂದು ಸಲದಂತೆ ಮೂರು ವರ್ಷ, ಒಂದು ಹನಿ ಚೆಲ್ಲದ ಹಾಗೆ, ಅಕ್ಕ ತಾನೇ ಅವನನ್ನು ಕೂರಿಸಿಕೊಂಡು ಹೋಗಿ ಒಪ್ಪಿಸಿ ಬಂದಿದ್ದಳು. ಈಗ ನೆನೆದರೆ ನಗಬೇಕೋ ಅಳಬೇಕೋ ತಿಳಿಯದು. ಮದುವೆಯಾಗಿ ಹದಿನಾಲ್ಕು ತಿಂಗಳು. ಎದುರಿಗೆ "ಏನಮ್ಮ" ಎನ್ನುತ್ತಿದ್ದ ಅಕ್ಕ ಬೆನ್ನ ಹಿಂದೆ ಇಟ್ಟ ಹೆಸರು ನರ್ಸಮ್ಮ.

ನರ್ಸಮ್ಮನ ಮೇಲೆ ಹೊರಿಸಲು ಒಂದು ತಪ್ಪೂ ಸಿಗುತ್ತಿರಲಿಲ್ಲ, ಅದೇ ದೊಡ್ಡ ಕಷ್ಟ. ಬೇಗ ಏಳುತ್ತಿದ್ದಳು. ಲಾಯ ಗುಡಿಸುತ್ತಿದ್ದಳು. ಹುಲ್ಲಿನ ಧೂಳು ಕುದುರೆಯ ಮೂಗಿಗೆ ಹೋಗಬಾರದೆಂದು ನೀರು ಚಿಮುಕಿಸಿ ಹಾಕುತ್ತಿದ್ದಳು. ಹೋದ ವಾರ ಊಟಕ್ಕೆ ಕೂತಾಗ ತಮ್ಮ ತಟ್ಟೆಯಿಂದ ತಲೆ ಎತ್ತದೆ, ನಿನಗೂ ಭುಜ ನೋವು, ಈ ಸಲದಿಂದ ಅವಳು ಓಡಿಸಲಿ, ನೀನು ಪಕ್ಕದಲ್ಲಿ ಕೂತು ನೋಡಿಕೋ ಸಾಕು ಎಂದಿದ್ದ. ಭುಜ ನೋಯುತ್ತಿದ್ದದ್ದು ನಿಜ. ನಿಜವಾದ ಮಾತಿಗೆ ಏನೆಂದು ಜಗಳ ತೆಗೆಯುವುದು? ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಕೀಲಿ ಮಾರನೇ ದಿನ ನರ್ಸಮ್ಮನ ಸೊಂಟದಲ್ಲಿತ್ತು.

ಕುದುರೆ ಹತ್ತಿಸುವ ಕೆಲಸವಾದರೂ ತನ್ನದೇ ಎಂದು ಅಕ್ಕ ಬೆಳಿಗ್ಗೆ ಸೆರಗು ಬಿಗಿದು ನಿಂತಿದ್ದಳು. ಆ ಟ್ರೈಲರ್ ದೊಡ್ಡ ಕುದುರೆಗಳಿಗೆಂದು ಮಾಡಿದ್ದು. ಎದೆಗೆ ಅಡ್ಡ ಬರಬೇಕಾದ ಕಂಬಿ ಇವುಗಳ ತಲೆಯ ಮೇಲಿರುತ್ತದೆ. ಕಂಬಿಯ ಕೆಳಗೆ ಹಲಗೆ ಸಿಕ್ಕಿಸದಿದ್ದರೆ ಸಲೀಸಾಗಿ ನುಸುಳಿ ಮುಂದಕ್ಕೆ ಹೋಗಿಬಿಡುತ್ತವೆ. ಆದ್ದರಿಂದ ಮೊದಲು ಹಲಗೆ, ಆಮೇಲೆ ಕುದುರೆ, ಆಮೇಲೆ ಹಿಂದಿನ ಬಾಗಿಲು, ಕಟ್ಟಕಡೆಗೆ ಪಕ್ಕದ ಕಿರುಬಾಗಿಲಿನಿಂದ ಒಳಗೆ ಹೋಗಿ ಹಗ್ಗ. ಇಳಿಸುವಾಗ ಇದೇ ತಿರುಗುಮುರುಗು. ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಅಕ್ಕ ತಪ್ಪುತ್ತಿರಲಿಲ್ಲ.

ಗುಂಡ, ಕಡ್ಡಿ ಜೊತೆಯಾಗಿ ನಿಲ್ಲುವ ಕಡೆಗೆ ಹಲಗೆ ಹಾಕಿ, ಇಬ್ಬರನ್ನೂ ಹತ್ತಿಸಿ ಆಗಿತ್ತು. ಅಜ್ಜಿಯ ಕಡೆಯ ಹಲಗೆ ನಲ್ಲಿಯ ಪಕ್ಕ ಗೋಡೆಗೆ ಒರಗಿತ್ತು. ಅದನ್ನು ತರಲು ತಿರುಗುವಷ್ಟರಲ್ಲಿ ನರ್ಸಮ್ಮ ಹುಲ್ಲಿನ ಚೀಲ ಹೊತ್ತು ಟ್ರೈಲರ್ ಹತ್ತಿದಳು. ಅವಳ ಹಿಂದೆಯೇ, ಹಗ್ಗವಿಲ್ಲ, ಕರೆಯಿಲ್ಲ, ಅಜ್ಜಿ ಟಕಟಕನೆ ಹತ್ತಿ ಹೋಗಿ ಅವಳ ಜೇಬಿಗೆ ಮೂತಿ ಇಟ್ಟಿತು. ಅಕ್ಕ ಕೈಯಾರೆ ಬಾಟಲಿ ಹಾಲು ಕುಡಿಸಿ ಬದುಕಿಸಿದ ಮರಿ ಅದು. ಅವಳು ಹತ್ತಿಸುವಾಗ ಪ್ರತಿ ಸಲ ಮುಂಗಾಲು ಊರಿ ಐದು ನಿಮಿಷ ಹಟ ಮಾಡಿಯೇ ಹತ್ತುತ್ತಿತ್ತು. ಅಂಗಳದಲ್ಲಿ ನಿಂತಿದ್ದ ತಮ್ಮ ನಕ್ಕು, ನೋಡಕ್ಕ, ನಿನ್ನ ಅಜ್ಜಿ ಪಕ್ಷಾಂತರ ಮಾಡ್ತು ಎಂದ. ನರ್ಸಮ್ಮ ಕಿರುಬಾಗಿಲಿನಿಂದ ಇಳಿದದ್ದೇ ಅಕ್ಕ ಹಿಂದಿನ ಬಾಗಿಲು ದಡಾರನೆ ಹಾಕಿ, ಗಂಟು ಬಿಟ್ಟು ಬೇರೇನೂ ನೋಡದೆ ಹಗ್ಗ ಕಟ್ಟಿ, ನೀರಿನ ಲೋಟ ತರಲು ಹೋದಳು.

ರಸ್ತೆಯಲ್ಲಿ ನರ್ಸಮ್ಮ ಚೆನ್ನಾಗಿಯೇ ಓಡಿಸಿದಳು. ಉಬ್ಬು ಬರುವ ಎಷ್ಟೋ ಮೊದಲೇ ವೇಗ ತಗ್ಗಿಸುತ್ತಿದ್ದಳು. ತಿರುವಿನಲ್ಲಿ ಮಗುವಿನ ತೊಟ್ಟಿಲು ತೂಗಿದ ಹಾಗೆ ತಿರುಗಿಸುತ್ತಿದ್ದಳು. ಅಕ್ಕ ರಸ್ತೆ ನೋಡಲಿಲ್ಲ, ನೀರು ನೋಡಿದಳು. ಪ್ರತಿ ತಿರುವಿಗೂ ಅದು ಒಂದು ಬದಿಗೆ ಏರಿ, ಅಂಚಿನ ಮೇಲೆ ನಡುಗಿ, ಮತ್ತೆ ಸಮವಾಗುತ್ತಿತ್ತು. ಚೆಲ್ಲು, ಎಂದು ಅವಳು ಒಳಗೊಳಗೇ ಹೇಳಿದಳು. ಒಂದೇ ಹನಿ. ಹಾಗಂದುಕೊಂಡ ಮೇಲೆ ಆ ಹನಿಯ ಅರ್ಥ ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಮುಂದಿನ ತಿರುವಿಗೆ ಮತ್ತೆ ಅದನ್ನೇ ಅಂದುಕೊಂಡಳು.

ಪೆಟ್ರೋಲ್ ಪಂಪು ದಾಟುವಾಗ ಸದ್ದು ಕೇಳಿಸಿತು. ಮೂರು ಕುದುರೆ ನಿಂತ ಟ್ರೈಲರಿಗೆ ಒಂದು ಸದ್ದಿರುತ್ತದೆ, ಮನೆಮಂದಿಯ ಉಸಿರಾಟದ ಹಾಗೆ, ಅಭ್ಯಾಸವಾದವರಿಗೆ ಕೇಳಿಸದ ಸದ್ದು. ಇದು ಬೇರೆ. ಮುಂಗೋಡೆಗೆ ಗೊರಸು ಬಡಿದದ್ದು. ಗೊರಸು ಅಲ್ಲಿಗೆ ಮುಟ್ಟುವ ಹಾಗೇ ಇಲ್ಲ, ಹಲಗೆ ಇದ್ದರೆ. ಅಕ್ಕನ ಕಣ್ಣ ಮುಂದೆ ನಲ್ಲಿಯ ಪಕ್ಕ ಗೋಡೆಗೆ ಒರಗಿದ ಹಲಗೆ ಬಂದು ನಿಂತಿತು.

ಓರೆಗಣ್ಣಲ್ಲಿ ನೋಡಿದಳು. ನರ್ಸಮ್ಮ ರಸ್ತೆಯ ಮೇಲೆ ಕಣ್ಣು ನೆಟ್ಟಿದ್ದಳು, ಅವಳಿಗೆ ಕೇಳಿಸಿರಲಿಲ್ಲ. ಓಡಿಸುವವಳಿಗೆ ಕಿವಿ ಇರಬೇಕು, ಕೇಳಿಸಿಕೊಳ್ಳಲಿ, ಎಂದುಕೊಂಡಳು ಅಕ್ಕ. ನಿಲ್ಲಿಸು ಎಂದರೆ ಯಾಕೆ ಎಂದೂ ಹೇಳಬೇಕಾಗುತ್ತದೆ. ಟಕ್ ಎಂದಿತು. ರಸ್ತೆಬದಿಯ ಮರದ ಡಿಪೋ ಹಿಂದಾಯಿತು. ಟಕ್, ಟಕ್. ಲೋಟದ ನೀರು ಚೆಲ್ಲಲಿಲ್ಲ. ಅಕ್ಕನ ಕೈ ಸೀಟಿನ ಅಂಚನ್ನು ಹಿಡಿದದ್ದು ಹಿಡಿದೇ ಇತ್ತು. ಸೇತುವೆ ಬರುವಷ್ಟರಲ್ಲಿ ಸದ್ದು ನಿಂತಿತು. ನಿಂತ ಮೇಲೆ ಮೂರನೆಯ ಉಸಿರಾಟವೂ ಇಲ್ಲವೆನಿಸಿತು.

"ನಿಲ್ಸು," ಎಂದಳು.

ಸೇತುವೆಯಾಚೆ ಬದಿಗೆ ನಿಲ್ಲಿಸಿದ ತಕ್ಷಣ ನರ್ಸಮ್ಮ ಇಳಿದು ಹಿಂದಿನ ಬಾಗಿಲ ಕಡೆ ಓಡಿದಳು.

"ಆ ಬಾಗಿಲು ಮುಟ್ಬೇಡ. ಮಿಕ್ಕವೆರಡು ಬೆದರಿ ಹಗ್ಗ ಕಿತ್ತು ರಸ್ತೆಗೆ ಬೀಳ್ತವೆ. ಈ ಕಡೆ ಬಾ."

ಕಿರುಬಾಗಿಲು ತೆಗೆದರು. ಅಜ್ಜಿ ಕಂಬಿಯ ಕೆಳಗೆ ನುಸುಳಿ ಹುಲ್ಲಿನ ಚೀಲದವರೆಗೆ ಬಂದಿತ್ತು. ಹಗ್ಗ ಮುಂಗಾಲಿಗೆ ಸುತ್ತಿ, ಆ ಕಾಲು ಮೇಲೆತ್ತಿ ಹಿಡಿದಂತಾಗಿ, ಇನ್ನೊಂದು ಮಂಡಿಯೂರಿ ಕುಸಿದಿತ್ತು. ಕತ್ತು ಹಿಂದಕ್ಕೆ ಜಗ್ಗಿತ್ತು. ಹೋರಾಟ ಬಿಟ್ಟಿತ್ತು. ಕಣ್ಣಿನ ಬಿಳಿ ಕಾಣುತ್ತಿತ್ತು.

ಎಷ್ಟು ಬಿಗಿದರೂ ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು ಅಪ್ಪನದು. ಅಕ್ಕ ಎಳೆದಳು. ಕುದುರೆಯ ಭಾರವೆಲ್ಲ ಅದರ ಮೇಲೇ ಬಿದ್ದು ಗಂಟು ಕಲ್ಲಾಗಿತ್ತು. ಮತ್ತೆ ಎಳೆದಳು, ಭುಜದಲ್ಲಿ ಮಿಂಚು ಹೊಡೆಯಿತು. ನರ್ಸಮ್ಮ ಹೇಳಿಸಿಕೊಳ್ಳದೆ ಅಜ್ಜಿಯ ಎದೆಯ ಕೆಳಗೆ ಎರಡೂ ಕೈ ತೂರಿಸಿ, ಹಾಸಿಗೆ ಹಿಡಿದವರನ್ನು ಎತ್ತಿ ಕೂರಿಸುವ ಹಾಗೆ ಮೊಣಕಾಲ ಬಲದಿಂದ ನಾಲ್ಕು ಬೆರಳು ಎತ್ತಿದಳು. ಹಗ್ಗ ಸಡಿಲಾಯಿತು. ಗಂಟು ಬಿಚ್ಚಿತು.

ಅಜ್ಜಿ ಎದ್ದು ನಿಂತು ಮೈ ಕೊಡವಿತು. ಅಕ್ಕ ಕೈ ಚಾಚಿ, ಬಾರೇ ತಾಯಿ, ಹಿಂದಕ್ಕೆ ಹೋಗು ಎಂದಳು. ಅದು ಕದಲಲಿಲ್ಲ, ಒಂದು ಕಿವಿಯನ್ನು ಮಾತ್ರ ನರ್ಸಮ್ಮನ ಕಡೆ ತಿರುಗಿಸಿತು. ಅಕ್ಕ ಅದನ್ನು ನೋಡಿದಳು.

"ನೀನೇ ಹೇಳು," ಎಂದಳು. ಆ ಎರಡು ಮಾತು ಆಡುವುದು ಗಂಟಿಗಿಂತ ಕಷ್ಟವಾಯಿತು.

ನರ್ಸಮ್ಮ ಏನೋ ಗುನುಗಿದಳು. ಅಜ್ಜಿ ತಲೆ ತಗ್ಗಿಸಿ ಹಿಂದೆ ಹಿಂದೆ ಹೆಜ್ಜೆ ಇಟ್ಟು ತನ್ನ ಜಾಗ ಸೇರಿತು. ಮಂಡಿಯಲ್ಲಿ ತರಚಿದ ಗಾಯ, ಅಷ್ಟೇ, ಮೂಳೆ ಗಟ್ಟಿಯಾಗಿತ್ತು. ಕಂಬಿಯ ಕೆಳಗಿನ ಸಂದಿಗೆ ಹುಲ್ಲಿನ ಚೀಲವನ್ನೂ ಸ್ಟೆಪ್ನಿ ಟಯರನ್ನೂ ಒತ್ತಿಟ್ಟು ಬಿಗಿಯಾಗಿ ಕಟ್ಟಿದರು. ನರ್ಸಮ್ಮ ಗಾಯ ತೊಳೆಯುತ್ತಿದ್ದಾಗ ಅವಳ ಫೋನು ಬಡಿದುಕೊಂಡಿತು. ಕೈ ಒದ್ದೆಯಾಗಿದ್ದರಿಂದ ಮೊಣಕೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿದಳು. ಲಾಯದ ಹೆಂಚು ಸರಿಮಾಡುವವನು ಬರುತ್ತಾನೆಂದು ಮನೆಯಲ್ಲೇ ಉಳಿದಿದ್ದ ತಮ್ಮ.

"ಅಜ್ಜಿ ಕಡೇ ಹಲಗೆ ಇಲ್ಲೇ ನಲ್ಲಿ ಹತ್ರ ಇದೆಯಲ್ಲೇ."

"ನೋಡಿದ್ವಿ. ನಿಲ್ಸಿ ಸರಿ ಮಾಡಿದೀವಿ. ಮಂಡಿ ಒಂಚೂರು ತರಚಿದೆ ಅಷ್ಟೇ."

"ಯಾರು ಮರ್ತಿದ್ದು?"

"ಇಬ್ರೂ."

ಅಕ್ಕನಿಗೆ ಮೈ ಉರಿಯಿತು. ತನ್ನ ತಪ್ಪಿನಲ್ಲೂ ಅರ್ಧ ಪಾಲು ಇವಳಿಗೆ ಬೇಕಾಯಿತಲ್ಲ.

ಫೋನಿನಲ್ಲಿ ತಮ್ಮ ನಕ್ಕ. "ಅಕ್ಕ ಮರೆಯೋದಾ? ಬೇರೆ ಯಾರಿಗಾದ್ರೂ ಹೇಳು. ನೀನೇ ಗಡಿಬಿಡಿಲಿ ಏನೋ ಮಾಡಿರ್ತೀಯ. ಅವಳು ಜೊತೆಗಿದ್ದಿದ್ದಕ್ಕೆ ಬಚಾವಾದೆ."

ಹದಿನಾಲ್ಕು ತಿಂಗಳಿಂದ ಅಕ್ಕ ಕಾದಿದ್ದ ಮಾತು ಅದು. ಅದೇ ದನಿಯಲ್ಲಿ, ಅದೇ ಸಲಿಗೆಯಲ್ಲಿ, ಅವಳ ಕಿವಿಗೇ ಬಿತ್ತು. ನರ್ಸಮ್ಮ ಅಜ್ಜಿಯ ಮಂಡಿಯಿಂದ ಕಣ್ಣೆತ್ತಲಿಲ್ಲ. "ಹೂಂ, ಇರ್ಬೋದು," ಎಂದು ಮೊಣಕೈಯಲ್ಲೇ ಫೋನು ಆರಿಸಿದಳು.

ಆಮೇಲೆ ಕೈ ಒರೆಸಿಕೊಂಡು ಬಂದು ಕೀಲಿ ಚಾಚಿದಳು.

"ನೀವೇ ಓಡಿಸಿ ಅತ್ತಿಗೆ. ನಂಗೆ ಕೇಳಿಸ್ಲೇ ಇಲ್ಲ ನೋಡಿ. ನಿಮ್ಗೆ ಕೇಳಿಸ್ತು."

ಪಂಪಿನ ಹತ್ತಿರವೇ ಕೇಳಿಸಿತ್ತು ಎಂದು ಹೇಳಬೇಕೆನಿಸಿತು ಅಕ್ಕನಿಗೆ. ಅಲ್ಲಿಂದ ಇಲ್ಲಿಗೆ ಎಷ್ಟು ದೂರವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಕೀಲಿ ತೆಗೆದುಕೊಂಡು, ತನ್ನ ಹಳೇ ಸೀಟಿಗೆ ಹತ್ತಿ ಕೂತು, ಬಾಯಿ ತೆರೆದಾಗ ಬಂದದ್ದು ಬೇರೆ.

"ಬೆಲ್ಟ್ ಹಾಕ್ಕೋ."

ಲೋಟದ ನೀರು ಒಂದು ಹನಿಯೂ ಚೆಲ್ಲದೆ ಹಾಗೇ ನಿಂತಿತ್ತು. ಅಕ್ಕ ಅದನ್ನೆತ್ತಿ ಕಿಟಕಿಯಾಚೆ ಸ್ವಲ್ಪ ಸುರಿದು, ಬೆರಳಿಟ್ಟು ಅಳತೆ ನೋಡಿ, ಎರಡು ಬೆರಳು ಕಡಿಮೆ ಮಾಡಿ ರಬ್ಬರಿನ ಮೇಲಿಟ್ಟಳು. ಗೇರು ಹಾಕಿದಳು. ಕ್ಲಚ್ಚಿನಿಂದ ಕಾಲು ಸರಕ್ಕನೆ ಎದ್ದುಬಿಟ್ಟಿತು. ಜೀಪು ಮುಗ್ಗರಿಸಿ ಮುಂದೆ ಹೋಯಿತು, ಹಿಂದೆ ಹನ್ನೆರಡು ಗೊರಸು ಒಟ್ಟಿಗೆ ಸರಿದವು, ನೀರು ಹಾರಿ ನರ್ಸಮ್ಮನ ಮಡಿಲ ಮೇಲೆ ಬಿತ್ತು.

ನರ್ಸಮ್ಮ ಕೈ ಚಾಚಿ ಲೋಟವನ್ನು ತೆಗೆದುಕೊಂಡು ಎರಡೂ ಅಂಗೈಗಳ ನಡುವೆ ಹಿಡಿದು ಕೂತಳು. ಮುಂದಿನ ತಿರುವಿನಲ್ಲಿ ಜೀಪು ಎತ್ತ ವಾಲಿತೋ ಅತ್ತ ಅವಳ ಕೈಯೂ ವಾಲಿತು. ಆಸ್ಪತ್ರೆಯ ಗೇಟು ಕಾಣಿಸುವವರೆಗೂ ಅದು ಅವಳ ಕೈಯಲ್ಲೇ ಇತ್ತು. ಗೇಟು ಕಂಡ ಮೇಲೆ ಅದನ್ನು ಮತ್ತೆ ರಬ್ಬರಿನ ಚೌಕದ ಮೇಲೆ, ಇದ್ದ ಜಾಗದಲ್ಲೇ, ಸದ್ದಾಗದಂತೆ ಇಟ್ಟಳು.