ಕಂಡಕ್ಟರಿಲ್ಲದ ಬಸ್ಸು

ಟೂರು ಶುರುವಾಗುವುದು ನಾಳೆ ಬೆಳಿಗ್ಗೆ ಎಂಟಕ್ಕೆ. ಇವತ್ತು ಪೂರ್ತಿ ರೆಸ್ಟು, ಹೋಟೆಲು ಬಿಟ್ಟು ಎಲ್ಲೂ ಅಲೆಯಬೇಡಿ ಎಂದು ಗೈಡ್ ಹುಡುಗಿ ಫೋನಿನಲ್ಲಿ ತಾಕೀತು ಮಾಡಿದ್ದಳು. ಅವಳ ಹಿಂದೆಯೇ ಮಗಳೂ ಫೋನ್ ಮಾಡಿ, "ಅಪ್ಪಾ, ಅದು ಪರದೇಶ. ನಿಮ್ಮ ಡಿಪೋ ಅಲ್ಲ" ಎಂದಳು.

ಹೇಳಬಾರದ ಮಾತು ಅದು. ನಮ್ಮ ಕಂಡಕ್ಟರಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮೂವತ್ತಮೂರು ವರ್ಷ ಬಸ್ಸಿನಲ್ಲಿ ನಿಂತೇ ಊರೂರು ಸುತ್ತಿ ನಿವೃತ್ತರಾದ ಮನುಷ್ಯನಿಗೆ, ನಿನ್ನೆ ಮೊನ್ನೆ ಕಾಲೇಜು ಮುಗಿಸಿದ ಹುಡುಗಿ ದಾರಿ ತೋರಿಸುವುದೆಂದರೆ!

"ಊರು ಅಂದ್ರೆ ಏನು ಮಹಾ? ನಾಲ್ಕು ರಸ್ತೆ, ಒಂದು ಬಸ್ ಸ್ಟ್ಯಾಂಡು. ಏಳೇ, ಚಪ್ಪಲಿ ಮೆಟ್ಕೋ" ಎಂದರು ಹೆಂಡತಿಗೆ.

ಕೋಪದ ಅಡಿಯಲ್ಲಿ ಇನ್ನೊಂದು ವಿಷಯವಿತ್ತು. ಮದುವೆಯಾದ ಹೊಸದರಲ್ಲಿ ಅವಳು, "ರೀ, ಒಂದು ದಿನ ನೀವೇ ನನ್ನ ಎಲ್ಲಾದ್ರೂ ಕರ್ಕೊಂಡು ಹೋಗಿ ಸುತ್ತಿಸಿ" ಎಂದು ಕೇಳಿದ್ದಳು. ಇವರು ಆಯ್ತು ಎಂದಿದ್ದರು. ಊರಿಗೆಲ್ಲ ರಜೆಯಾದರೆ ಬಸ್ಸಿನವರಿಗೆ ಸ್ಪೆಷಲ್ ಡ್ಯೂಟಿ. ಆ ಆಯ್ತು ಆಗಲೇ ಇಲ್ಲ. ಈ ಪ್ರವಾಸವನ್ನೂ ಗೊತ್ತುಮಾಡಿದವಳು ಮಗಳೇ. ನಾಳೆಯಿಂದ ಹತ್ತು ದಿನ ಗೈಡಿನ ಬಾಲ ಹಿಡಿದುಕೊಂಡು ನಡೆಯಬೇಕು. ಮಾತು ಉಳಿಸಿಕೊಳ್ಳಲು ಇದ್ದದ್ದು ಇವತ್ತೊಂದೇ ದಿನ, ಇದೂ ಕೈತಪ್ಪಿದರೆ ಇನ್ನು ಯಾವ ಮುಖ ಇಟ್ಟುಕೊಂಡು ಹೇಳುವುದು?

"ಫೋನು, ಹೋಟೆಲಿನ ಕಾರ್ಡು ಎಲ್ಲಾ ನಿನ್ನ ಚೀಲದಲ್ಲೇ ಇರ್ಲಿ. ನಂಗೆ ಎರಡೂ ಕೈ ಖಾಲಿ ಇರ್ಬೇಕು" ಎಂದರು. ಅವಳು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡಳು.

ಮೊದಲ ಒಂದು ಗಂಟೆ ಭರ್ಜರಿಯಾಗಿ ಕಳೆಯಿತು. ದೊಡ್ಡ ಕಂಬಗಳ ಕಟ್ಟಡವೊಂದರ ಮುಂದೆ ನಿಂತು, "ಇದು ಇಲ್ಲಿನ ಕೋರ್ಟು" ಎಂದು ಗತ್ತಿನಿಂದ ತೋರಿಸಿದರು. ಅಷ್ಟರಲ್ಲಿ ಒಳಗಿನಿಂದ ಏಳೆಂಟು ಮಕ್ಕಳು ತಲೆ ಒದ್ದೆ ಮಾಡಿಕೊಂಡು, ಟವೆಲು ಹೊದ್ದು ಕಿಲಕಿಲ ನಗುತ್ತಾ ಹೊರಬಂದವು.

"ಕೋರ್ಟಲ್ಲಿ ಈಜೋದೂ ಉಂಟಾ?"

"ಪರದೇಶ ಕಣೇ. ಇಲ್ಲಿ ಏನು ಬೇಕಾದ್ರೂ ಇರುತ್ತೆ."

ಅವಳು ನಗು ನುಂಗಿಕೊಂಡಳು. ಅವರು ಅದನ್ನು ನೋಡಿಯೂ ನೋಡದವರಂತೆ ಬಸ್ ಸ್ಟಾಪಿನ ಕಡೆ ಹೆಜ್ಜೆ ಹಾಕಿದರು.

ಹದಿನಾಲ್ಕನೇ ನಂಬರಿನ ಬಸ್ಸು ಬಂತು. ಹತ್ತಿ, ಹೆಂಡತಿಯನ್ನು ಡ್ರೈವರನ ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ಸುತ್ತ ಕಣ್ಣಾಡಿಸಿದರು. ಕಂಬಕ್ಕೆ ಒಂದು ಯಂತ್ರ ನೇತುಹಾಕಿದ್ದರು, ಜನ ತಾವೇ ಅದಕ್ಕೆ ಕಾರ್ಡು ತೋರಿಸಿ ಇಲ್ಲವೇ ಚಿಲ್ಲರೆ ಹಾಕಿ ಟಿಕೆಟ್ಟು ಹರಿದುಕೊಳ್ಳುತ್ತಿದ್ದರು. ಇವರೂ ಚಿಲ್ಲರೆ ಹಾಕಿ ಎರಡು ಹರಿದುಕೊಂಡರು. ಕಂಡಕ್ಟರೇ ಇಲ್ಲ! ಅವರಿಗೆ ಒಲೆ ಇಲ್ಲದ ಅಡುಗೆಮನೆಗೆ ಕಾಲಿಟ್ಟಂತಾಯಿತು.

ಪಾಪ, ಸುಮ್ಮನೆ ಕೂರಬೇಕೆಂದೇ ಅಂದುಕೊಂಡಿದ್ದರು. ಆದರೆ ಮುಂದಿನ ಸ್ಟಾಪಿನಲ್ಲಿ ಜನ ಬಾಗಿಲ ಹತ್ತಿರವೇ ಗುಂಪುಕಟ್ಟಿ ನಿಂತಾಗ ಅವರಿಗೆ ತಡೆಯಲಾಗಲಿಲ್ಲ. ಎದ್ದು, "ಒಳಗೆ ನಡೀರಿ, ಒಳಗೆ ನಡೀರಿ, ಹಿಂದೆ ಬೇಕಾದಷ್ಟು ಜಾಗ ಇದೆ!" ಎಂದು ಕೈಬೀಸಿದರು. ಆ ಗಂಟಲಿಗೆ ಭಾಷೆ ಯಾವುದಾದರೇನು? ಜನ ತೆಪ್ಪಗೆ ಒಳಗೆ ಸರಿದರು. ಬ್ಯಾಗು ಹೊತ್ತ ಹುಡುಗನನ್ನು ಎಬ್ಬಿಸಿ ಬಸುರಿಯೊಬ್ಬಳಿಗೆ ಸೀಟು ಕೊಡಿಸಿದರು. ಹೆಂಡತಿ, "ರೀ, ಬಂದು ಕೂತ್ಕೊಳ್ಳಿ, ಮಾನ ಹೋಗುತ್ತೆ" ಎಂದು ಪಿಸುಗುಟ್ಟಿದಳು. ಡ್ಯೂಟಿಯಲ್ಲಿರುವವನಿಗೆ ಹೆಂಡತಿಯ ಪಿಸುಮಾತು ಎಲ್ಲಿ ಕೇಳಿಸಬೇಕು?

ಐದನೇ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಎರಡು ಭಾರದ ಚೀಲಗಳೊಡನೆ ಇಳಿಯಲು ಒದ್ದಾಡುತ್ತಿದ್ದರು. ಕಂಡಕ್ಟರು ಚೀಲಗಳನ್ನು ಎತ್ತಿಕೊಂಡು ಕೆಳಗಿಳಿದರು, ಅಜ್ಜಿಯ ಕೈಹಿಡಿದು ಇಳಿಸಿದರು, ಹಿಂದೆ ಮುಂದೆ ನೋಡಿ ಎಲ್ಲರೂ ಇಳಿದಾಯಿತು ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಬಸ್ಸಿನ ಮೈಗೆ ಅಂಗೈಯಿಂದ ಎರಡು ಸಲ ಬಾರಿಸಿ, "ರೈಟ್!" ಎಂದು ಕೂಗಿದರು.

ರೈಟ್ ಹೇಳಿ, ಬಸ್ಸು ಕದಲಿದ ಮೇಲೆ ಛಂಗನೆ ಹಾರಿ ಮೆಟ್ಟಿಲು ಹತ್ತುವುದು ಅವರ ಕಾಲದ ಕಂಡಕ್ಟರುಗಳ ಠೀವಿ. ಈ ಬಸ್ಸಿಗೆ ಮೆಟ್ಟಿಲಾದರೂ ಎಲ್ಲಿತ್ತು? ಬಾಗಿಲು ಬುಸ್ಸೆಂದು ಮುಚ್ಚಿಕೊಂಡಿತು. ಬಸ್ಸು ಹೋಯಿತು. ಹೆಂಡತಿ, ಫೋನು, ಹೋಟೆಲಿನ ಕಾರ್ಡು, ಎಲ್ಲವೂ ಬಸ್ಸಿನ ಜೊತೆ ಹೋದವು.

"ಹೋಲ್ಡಾನ್! ಹೋಲ್ಡಾನ್!" ಎಂದು ಅರಚುತ್ತಾ ಬಿದ್ದಂಬೀಳ ಓಡಿದರು. ತಿರುವಿನ ತನಕ ಓಡಿ ಏದುಸಿರು ಬಿಡುತ್ತಾ ವಾಪಸು ಬಂದರೆ ಅಜ್ಜಿ ಅಲ್ಲೇ ನಿಂತಿದ್ದರು. ಇವರನ್ನು ಕಂಡು ಮುಖ ಅರಳಿಸಿ, ಮನೆಯ ದಿಕ್ಕಿಗೆ ಬೆರಳು ತೋರಿಸಿ, ಚೀಲಗಳನ್ನು ಇವರ ಕಡೆಗೇ ತಳ್ಳಿದರು.

"ಅಮ್ಮಾ ತಾಯಿ, ನಿನ್ನ ಚೀಲ ಹಿಡಿಯೋಕೆ ಹೋಗಿ ನಾನು ಹೆಂಡ್ತೀನೇ ಕಳ್ಕೊಂಡೆ!" ಎಂದು ಕೈಮುಗಿದರು. ಅಜ್ಜಿಯೂ ಕೈಮುಗಿದು, ಗೊಣಗುತ್ತಾ ಚೀಲ ಎಳೆದುಕೊಂಡು ಹೋದರು.

ಕಂಡಕ್ಟರು ಸ್ಟಾಪಿನಲ್ಲಿ ಕುಕ್ಕರಿಸಿದರು. ಬಸ್ಸು ವಾಪಸು ಬರುವುದು ರಸ್ತೆಯ ಆ ಕಡೆ ಎಂದು ತಲೆಗೆ ಹೊಳೆದು, ಎದ್ದು ರಸ್ತೆ ದಾಟಿದರು. ಅವಳು ಮುಂದಿನ ಸ್ಟಾಪಿನಲ್ಲಿಳಿದು ನಡೆದು ಬಂದರೆ ಈ ಕಡೆಯಲ್ಲವೇ ಬರುವುದು? ಮತ್ತೆ ದಾಟಿದರು. ಹೀಗೆ ಏಳು ಸಲ ದಾಟಿದ್ದನ್ನು ಕಂಡು ಪತ್ರಿಕೆ ಮಾರುವವಳು ಅಂಗಡಿಯಿಂದ ತಲೆ ಹೊರಹಾಕಿ ನೋಡತೊಡಗಿದಳು. ಕೊನೆಗೆ ಆ ಕಡೆಯಲ್ಲೇ ನಿಂತರು. ಹದಿನಾಲ್ಕನೇ ನಂಬರಿನ ಬಸ್ಸುಗಳು ಒಂದಾದ ಮೇಲೊಂದು ಬಂದವು. ಪ್ರತಿ ಬಸ್ಸಿನ ಕಿಟಕಿಗೂ ಮುಖ ಒತ್ತಿ ಹುಡುಕಿದರು. ಅವಳು ಇರಲಿಲ್ಲ.

ಮೊದಮೊದಲು ಅವಳ ಮೇಲೆ ಸಿಟ್ಟು ಬಂತು. ಬಸ್ಸು ನಿಲ್ಲಿಸಿ ಅಂತ ಕೂಗಬಾರದಿತ್ತೇ? ಅರ್ಧ ಗಂಟೆ ಕಳೆಯುವಷ್ಟರಲ್ಲಿ ಸಿಟ್ಟು ಇಳಿದು ಭಯ ಹತ್ತಿತು. ಭಾಷೆ ಬರುವುದಿಲ್ಲ, ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಎಲ್ಲೋ ಇಳಿದು ಅಳುತ್ತಾ ನಿಂತಿರಬಹುದು. ಬಿದ್ದಿರಬಹುದು. ಆಸ್ಪತ್ರೆಗೆ ಸೇರಿಸಿರಬಹುದು. ಒಂದಕ್ಕಿಂತ ಒಂದು ಕೆಟ್ಟ ಯೋಚನೆ ಬಂತು. ದೇವರೇ, ಊರು ತೋರಿಸದಿದ್ದರೆ ಹಾಳಾಗಿ ಹೋಗಲಿ, ಅವಳೊಬ್ಬಳು ಸಿಕ್ಕಿದರೆ ಸಾಕು ಎಂದುಕೊಂಡರು.

ಒಂದು ಗಂಟೆ ನಲವತ್ತು ನಿಮಿಷವಾದ ಮೇಲೆ ಬಂದ ಬಸ್ಸಿನಲ್ಲಿ, ಡ್ರೈವರನ ಹಿಂದಿನ ಸೀಟಿನಲ್ಲೇ, ಚೀಲ ತೊಡೆಯ ಮೇಲಿಟ್ಟುಕೊಂಡು ಅವಳು ಕೂತಿದ್ದಳು. ಬಿಸ್ಕತ್ತಿನ ಪೊಟ್ಟಣವನ್ನು ಡ್ರೈವರನ ಮುಂದೆ ಹಿಡಿದಿದ್ದಳು. ಅವನು ಒಂದು ತೆಗೆದುಕೊಂಡ.

"ಎಲ್ಲಿಗೆ ಹೋಗಿದ್ಯೇ?" ಎಂದು ಬಾಗಿಲಲ್ಲೇ ಗದರಿದರು.

"ನಾನೆಲ್ಲಿ ಹೋದೆ? ಕೂತಲ್ಲೇ ಕೂತಿದ್ದೆ. ಹೋಗಿದ್ದು ಬಸ್ಸು. ಹೋದ ಬಸ್ಸು ತಿರುಗಿ ಬರ್ಲೇಬೇಕಲ್ಲ, ಕಂಡಕ್ಟರ್ ಹೆಂಡ್ತಿಗೆ ಅಷ್ಟೂ ಗೊತ್ತಿಲ್ವಾ? ಕೊನೇ ಸ್ಟಾಪಲ್ಲಿ ಇವನು ಇಳಿ ಅಂದ, ಇಳಿಯೋದಿಲ್ಲ ಅಂದೆ. ಹತ್ತಿ ಬೇಗ, ಜನ ಕಾಯ್ತಿದ್ದಾರೆ."

ಹತ್ತಿ ಅವಳ ಪಕ್ಕ ಕುಸಿದರು. ಯಾರು ನೋಡಿದರೂ ನೋಡಲಿ ಎಂದು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಜೀವ ಬಾಯಿಗೆ ಬಂದಿತ್ತು ಕಣೇ. ಏನೇನೋ ಕೆಟ್ಟ ಯೋಚನೆ. ಒಂದು ಗಂಟೆ ನಲವತ್ತು ನಿಮಿಷ ನಿಂತಿದ್ದೀನಿ."

"ಅಷ್ಟೇನಾ?" ಎಂದಳು. ಕೊಂಕಿನಿಂದ ಅಂದದ್ದಲ್ಲ, ಸುಮ್ಮನೆ ಕೇಳಿದಳು.

ಅವರು ಅವಳ ಮುಖ ನೋಡಿದರು. ಬ್ರೇಕ್ ಡೌನ್ ಆಗಿ ಮೂರು ಗಂಟೆ ತಡವಾದ ದಿನಗಳು, ಗಲಾಟೆಯಾಗಿ ಬಸ್ಸಿಗೆ ಕಲ್ಲು ಬಿದ್ದ ದಿನಗಳು ನೆನಪಾದವು. ಮನೆಗೆ ಹೋದರೆ ತಟ್ಟೆ ಹಾಕಿ ಬಡಿಸುತ್ತಿದ್ದಳು. ಅಷ್ಟು ಹೊತ್ತು ಅವಳು ಏನು ಮಾಡುತ್ತಿದ್ದಳೆಂದು ಒಂದು ದಿನವೂ ಕೇಳಿರಲಿಲ್ಲ.

"ನಿಂಗೂ ಹೀಗೇ ಭಯ ಆಗ್ತಿತ್ತಾ?"

"ದಿನಾ" ಎಂದಳು ಅವಳು. ಆಮೇಲೆ ಅವರ ಭುಜ ತಟ್ಟಿ, "ಆ ಕಡೆ ನೋಡಿ, ಈಗ ನದಿ ಬರುತ್ತೆ. ಬರೋವಾಗ ನೀವು ನೋಡ್ಲೇ ಇಲ್ಲ. ಚೆನ್ನಾಗಿದೆ" ಎಂದಳು.

ಕಂಡಕ್ಟರು ಆ ಕಡೆ ತಿರುಗಿ ನೋಡಿದರು. ನದಿ ಬಂದದ್ದು ಗೊತ್ತಾಯಿತು, ಕಣ್ಣು ಮಂಜಾಗಿ ಸರಿಯಾಗಿ ಕಾಣಲಿಲ್ಲ.