ಹಸಿರು ಗಾಡಿಯ ನಡುಕ

ನನ್ನ ಮೀಸೆಯ ತಂಟೆಗೆ ಬಂದವರನ್ನು ನಾನು ಸುಮ್ಮನೆ ಬಿಟ್ಟವನಲ್ಲ. ಅಪ್ಪನಿಂದ ನನಗೆ ಬಂದ ಆಸ್ತಿ ಎರಡೇ: ಈ ಗ್ಯಾರೇಜು, ಈ ಮೀಸೆ. ಗ್ಯಾರೇಜಿನ ತಗಡು ಅಲ್ಲಲ್ಲಿ ತೂತು ಬಿದ್ದಿದೆ. ಮೀಸೆ ಮಾತ್ರ ದಟ್ಟವಾಗಿ ಬೆಳೆದು, ಮೇಲ್ದುಟಿಯನ್ನು ಪೂರ್ತಿ ನುಂಗಿ, ಕೆಳದುಟಿಯ ಮೇಲೆ ಸೂರಿನಂತೆ ಇಳಿದಿತ್ತು. ಬೀದಿಯವರೆಲ್ಲ ನನ್ನನ್ನು 'ಮೀಸೆ' ಎಂದೇ ಕರೆಯುವುದು. ಅದರಲ್ಲಿ ಬೇಜಾರಿಲ್ಲ. ಆದರೆ ಅದನ್ನು ಕತ್ತರಿಸು ಎಂದು ಯಾರಾದರೂ ಅಂದರೆ ಪಿತ್ತ ನೆತ್ತಿಗೇರುತ್ತದೆ. ಹಾಗನ್ನುವ ಧೈರ್ಯ ಇದ್ದದ್ದು ಒಬ್ಬರಿಗೇ, ಮಿಲ್ಲಮ್ಮನಿಗೆ.

ಬಟ್ಟೆ ಮಿಲ್ಲಿನ ಮಗ್ಗಗಳ ನಡುವೆ ಅರ್ಧ ಆಯಸ್ಸು ಕಳೆದದ್ದರಿಂದ ಅವರಿಗೆ ಆ ಹೆಸರು. ಸಪೂರ ಮೈ, ನೆಟ್ಟಗಿನ ಬೆನ್ನು. ಎದುರಿಗಿದ್ದವರ ಮುಖವನ್ನು ಎಷ್ಟು ದಿಟ್ಟಿಸಿ ನೋಡುತ್ತಿದ್ದರೆಂದರೆ, ಸುಳ್ಳು ಹೇಳಲು ಬಂದವನು ಅರ್ಧಕ್ಕೇ ತಡವರಿಸಬೇಕು. ಅವರ ಗಾಡಿ, ಪುಟ್ಟದೊಂದು ಕಾರು, ಅದೂ ಅವರ ಕಾಲದ್ದೇ: ದುಂಡು ದೀಪ, ಗುಂಡು ಬೆನ್ನು, ಎಲೆಹಸಿರು ಬಣ್ಣ. ಸ್ವಂತ ದುಡಿಮೆಯಲ್ಲಿ ಕೊಂಡದ್ದು. ಅದಕ್ಕೆ ಅವರು ಒಳಗೊಂದು, ಹೊರಗೆ ಆಚೀಚೆ ಒಂದೊಂದು ದೊಡ್ಡ ಕನ್ನಡಿ ಹಾಕಿಸಿಕೊಂಡಿದ್ದರು. "ಈ ವಯಸ್ಸಲ್ಲೂ ಶೋಕಿ ನೋಡು," ಎಂದು ನಾನೂ ನನ್ನ ಭಾವಮೈದನೂ ನಗುತ್ತಿದ್ದೆವು. ಭಾವಮೈದ ಎಂದರೆ ಹೆಂಡತಿಯ ತಮ್ಮ, ನನ್ನ ಗ್ಯಾರೇಜಿನ ವೆಲ್ಡರ್.

ಆ ಗಾಡಿಯಲ್ಲಿ ಮಿಲ್ಲಮ್ಮ ಹೊಳೆಯಾಚೆಯ ತಂಗಿಯ ಮನೆಗೆ ಹೋಗುತ್ತಿದ್ದರು. ತಂಗಿ ಹಾಸಿಗೆ ಹಿಡಿದಿದ್ದಳು. ಅವಳಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಊಟ ಮಾಡಿಸಿ ಬರುತ್ತಿದ್ದರು. ಆ ದಾರಿಗೆ ಬಸ್ಸಿಲ್ಲ. ಮಗ ಪ್ರೆಸ್ಸು ನಡೆಸುವವನು, ಒಳ್ಳೆಯವನೇ, ಆದರೆ ಅವನಿಗೆ ಉಸಿರಾಡಲೂ ಪುರಸೊತ್ತಿಲ್ಲ. ಹಾಗಾಗಿ ಗಾಡಿ ನಿಂತರೆ ಅಕ್ಕತಂಗಿಯರ ಭೇಟಿಯೂ ನಿಂತ ಹಾಗೆ.

ಗಾಡಿ ನಿಂತೇಬಿಟ್ಟಿತು. ಎಂಜಿನ್ನಿನ ಮೈಯಲ್ಲೇ ಸೀಳು ಬಿಟ್ಟಿತ್ತು. ಅಂಥ ಎಂಜಿನ್ ಈಗ ಗುಜರಿಯಲ್ಲೂ ಸಿಗುವುದಿಲ್ಲ. ಆಗ ಮಗನೇ ದಾರಿ ತೋರಿಸಿದ. ಹಿಂದಿನಿಂದ ಗುದ್ದಿಸಿಕೊಂಡು ಜಜ್ಜಿಹೋದ ಹೊಸ ಕಾರೊಂದು ಅವನ ಪರಿಚಯದವರಲ್ಲಿತ್ತು. ಎಂಜಿನ್ನಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಅದನ್ನೇ ಇದಕ್ಕೆ ಕೂರಿಸಿಬಿಡಿ ಅಣ್ಣ," ಎಂದ. "ಅಮ್ಮ ಇನ್ನೊಂದಷ್ಟು ವರ್ಷ ಓಡಿಸಲಿ. ಆದ್ರೆ ಇದೇ ಕೊನೆ. ಮತ್ತೆ ತಾಪತ್ರಯ ಶುರುವಾದ್ರೆ ಮಾರೋದೇ."

ನನಗೆ ಸ್ವರ್ಗಕ್ಕೆ ಮೂರೇ ಗೇಣು. ದಿನಾ ಎಣ್ಣೆ ಬದಲಾಯಿಸುವವನಿಗೆ ಇಂಥ ಕೆಲಸ ಎಲ್ಲಿ ಸಿಗುತ್ತದೆ? ಹಳೆಯ ಎಂಜಿನ್ನನ್ನು ಸರಪಳಿಯಲ್ಲಿ ಎತ್ತಿ ಹೊರಗಿಟ್ಟೆವು. ಹೊಸದು ಎತ್ತರದಲ್ಲಿ ಕಡಿಮೆ, ಅಗಲದಲ್ಲಿ ಹೆಚ್ಚು. ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಇಟ್ಟು ನೋಡಿ, ಮತ್ತೆ ಕತ್ತರಿಸಿ, ಕೊನೆಗೆ ಭಾವಮೈದ ಎಂಜಿನ್ ಕೂರುವ ಅಡ್ಡಪಟ್ಟಿಯನ್ನು ಕೊಯ್ದು ಹೊಸದಾಗಿ ಬೆಸೆದ. ಹಳೆಯ ಗೇರ್‌ಬಾಕ್ಸಿಗೂ ಹೊಸ ಎಂಜಿನ್ನಿಗೂ ತೂತುಗಳು ಕೂಡಿಬರಲಿಲ್ಲ. ನಡುವೆ ದಪ್ಪ ತಟ್ಟೆಯೊಂದನ್ನು ಕೊರೆಸಿ ಹಾಕಿದೆ. ರೇಡಿಯೇಟರು ದೊಡ್ಡದಾಯಿತು. ವೈರುಗಳ ಜಡೆ ಬಿಡಿಸುವಾಗ ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾಗದು. ಕೀ ಮಾತ್ರ ಹಳೆಯದೇ ಇರಲಿ, ಮಿಲ್ಲಮ್ಮನ ಕೈಗೆ ರೂಢಿಯಾದದ್ದು ಎಂದು ಹಳೆಯ ಸ್ವಿಚ್ಚನ್ನೇ ಉಳಿಸಿಕೊಂಡೆ. ಎಂಜಿನ್ನಿನ ಕಾಲುಗಳ ಕೆಳಗೆ ಒಳ್ಳೆಯ ಮೆತ್ತನೆಯ ರಬ್ಬರು ಕೊಟ್ಟೆ. ಗೇರ್ ಕಡ್ಡಿಯ ಬುಡಕ್ಕೂ ಒಂದು ರಬ್ಬರ್ ಬಳೆ ತೊಡಿಸಿದೆ. ಅದನ್ನು ಯಾರೂ ಹೇಳಿರಲಿಲ್ಲ, ನನ್ನ ಹೆಮ್ಮೆ ಹೇಳಿತ್ತು.

ಕೆಲಸ ನಡೆಯುವಾಗ ಮಿಲ್ಲಮ್ಮ ಒಮ್ಮೆ ಬಂದರು. ಬಾನೆಟ್ಟಿನ ಅಂಚಿಗೆ ಕೈಯಿಟ್ಟು ಒಳಗೆ ನೋಡಿ, "ಇದರ ನಡುಕ ಹಾಗೇ ಇರುತ್ತಾ?" ಎಂದು ಕೇಳಿದರು.

ದೂರು ಎಂದುಕೊಂಡೆ. "ನಡುಕಾನಾ? ಬಾನೆಟ್ ಮೇಲೆ ನೀರಿನ ಲೋಟ ಇಟ್ರೂ ತುಳುಕಲ್ಲ, ನೋಡ್ತಾ ಇರಿ," ಎಂದೆ.

ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಆಮೇಲೆ ಸಮಾಧಾನದಿಂದ ತಲೆಯಾಡಿಸಿ, "ಸರಿ ಹಾಗಾದ್ರೆ. ಆ ಮೀಸೆ ಒಂಚೂರು ಕತ್ತರಿಸಯ್ಯ," ಎಂದು ಹೊರಟರು. ನಾನು ಹಲ್ಲು ಕಡಿದುಕೊಂಡು ಬಾನೆಟ್ಟಿನೊಳಗೆ ತಲೆ ಹಾಕಿದೆ.

ಗಾಡಿ ಒಪ್ಪಿಸಿದ ದಿನ ನಿಜವಾಗಿಯೂ ಬಾನೆಟ್ಟಿನ ಮೇಲೆ ಲೋಟ ಇಟ್ಟು ಎಂಜಿನ್ ಓಡಿಸಿದೆ. ನೀರು ಕಲ್ಲಿನ ಹಾಗೆ ನಿಂತಿತ್ತು. ಮಗ ನನ್ನ ಬೆನ್ನು ತಟ್ಟಿದ. ನಾನು ಮೀಸೆ ತಿರುವಿದೆ. ಮಿಲ್ಲಮ್ಮ ಒಳಗೆ ಕೂತು ಕೀ ತಿರುಗಿಸಿದರು. ಎಂಜಿನ್ ಹೊತ್ತಿಕೊಂಡಿತು. ಅವರು ಗೇರ್ ಕಡ್ಡಿಯ ಮೇಲೆ ಅಂಗೈಯಿಟ್ಟು ಸ್ವಲ್ಪ ಕಾದರು. ಆಮೇಲೆ ಮತ್ತೆ ಕೀ ತಿರುಗಿಸಿದರು. ಓಡುತ್ತಿದ್ದ ಎಂಜಿನ್ನಿಗೆ ಸ್ಟಾರ್ಟರಿನ ಹಲ್ಲು ಕಚ್ಚಿ ಕರ್ರೆಂದು ಕಿರುಚಿತು. ನಾವೆಲ್ಲ ನಕ್ಕೆವು. ಅವರು ಮಾತ್ರ ನಗಲಿಲ್ಲ. ಗಾಡಿ ಕುಪ್ಪಳಿಸುತ್ತ ಬೀದಿಗೆ ಇಳಿಯಿತು.

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಸ್ಟಾರ್ಟರಿನ ಹಲ್ಲು ಸವೆದು ಬಂತು. ಕ್ಲಚ್ಚು ಸುಟ್ಟು ಬಂತು. ಮೊದಲನೇ ಗೇರಿನಲ್ಲೇ ಇಡೀ ಬೀದಿ ದಾಟುತ್ತಾರೆ, ಇಲ್ಲವೇ ಏರಿನಲ್ಲಿ ನಾಲ್ಕನೆಯದರಲ್ಲಿ ಉಸಿರುಕಟ್ಟಿಸಿ ನಿಲ್ಲಿಸುತ್ತಾರೆ ಎಂದು ನೋಡಿದವರು ಹೇಳಿದರು. ನಾನು ಅವರ ಮುಂದೆ ನಿಂತು ಕೂಗಾಡಿದೆ. "ಸ್ಟಾರ್ಟ್ ಆಗಿರೋ ಗಾಡಿಗೆ ಮತ್ತೆ ಯಾಕಮ್ಮ ಕೀ ತಿರುಗಿಸ್ತೀರಾ? ನನ್ನ ಕೆಲಸಕ್ಕೆ ಮಣ್ಣು ಹಾಕ್ಬೇಕು ಅಂತ ಮಾಡ್ತಿದ್ದೀರಾ?" ಅವರು ನನ್ನ ಮುಖ ನೋಡಿ, ಸುಸ್ತಾದವರಂತೆ, "ಮೀಸೆ ಕತ್ತರಿಸು ಅಂತ ಎಷ್ಟು ಸಲ ಹೇಳೋದು," ಎಂದರು. ಅವತ್ತು ನಾನು ಕೈಯಲ್ಲಿದ್ದ ಸ್ಪ್ಯಾನರ್ ಬಿಸಾಡಿ ಒಳಗೆ ಹೋದೆ.

ಕೊನೆಗೆ ಗಾಡಿ ಹಿಂದಕ್ಕೆ ಚಿಮ್ಮಿ ಗೇಟಿನ ಕಂಬ ಬೀಳಿಸಿತು. ಮಗ ಅಮ್ಮನಿಂದ ಕೀ ಕಿತ್ತುಕೊಂಡು ಗಾಡಿಯನ್ನು ನನ್ನ ಹತ್ತಿರ ತಂದ.

"ಅಮ್ಮಂಗೆ ಮರೆವು ಶುರುವಾಗಿದೆ ಅಣ್ಣ. ಸ್ಟಾರ್ಟ್ ಮಾಡಿದ್ದೇ ನೆನಪಿರಲ್ಲ. ಕರೆದ್ರೆ ತಿರುಗೋದೂ ಇಲ್ಲ." ಅವನು ಕೀಯನ್ನು ನನ್ನ ಕೈಗಿಟ್ಟ. "ಸಂಜೆ ಕೊಳ್ಳೋರನ್ನ ಕರ್ಕೊಂಡು ಬರ್ತೀನಿ. ಡೊಂಕು ತೆಗೆದಿಡಿ."

ಒಳಗೊಳಗೇ ನನಗೆ ಹಾಯೆನಿಸಿತು. ತಪ್ಪು ಎಂಜಿನ್ನಿನದಲ್ಲ, ನನ್ನದಲ್ಲ, ಮುದುಕಿಯದು. ಹಾಗೆ ಅನ್ನಿಸಿದ್ದಕ್ಕೆ ಈಗಲೂ ಮನಸ್ಸು ಹುಳ್ಳಗಾಗುತ್ತದೆ.

ಮಧ್ಯಾಹ್ನ ಮಿಲ್ಲಮ್ಮ ಸೀಟಿನ ದಿಂಬನ್ನೂ ತಂಗಿಗಾಗಿ ಇಟ್ಟಿದ್ದ ಬಾಚಣಿಗೆಯನ್ನೂ ಒಯ್ಯಲು ಬಂದರು. ಭಾವಮೈದ ಗ್ರೈಂಡರಿನಲ್ಲಿ ಚಾಸಿ ಉಜ್ಜುತ್ತಿದ್ದ. ತಗಡಿನ ಸೂರಿನ ಕೆಳಗೆ ಆ ಸದ್ದು ತಲೆಬುರುಡೆಯೊಳಗೇ ಹೊಗುತ್ತದೆ. ನಾನು ಎರಡೂ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿದ್ದೆ. ಭಾವಮೈದ ಯಂತ್ರ ನಿಲ್ಲಿಸದೆಯೇ ಮುಖದ ಗವಸು ಮೇಲೆತ್ತಿ ಅವರಿಗೆ ಏನೋ ಹೇಳಿದ. ಅವನು ದಿನಾ ಮುಖ ಬೋಳಿಸುವವನು. ಅವರು ಉತ್ತರ ಕೊಟ್ಟರು. ಅವನು ಮತ್ತೇನೋ ಕೇಳಿದ, ಅವರು ಕೈಯಲ್ಲಿದ್ದ ಬಾಚಣಿಗೆ ತೋರಿಸಿ ನಕ್ಕರು. ಅಷ್ಟು ಗದ್ದಲದಲ್ಲಿ ಒಬ್ಬರೂ ದನಿ ಎತ್ತಿದಂತೆ ಕಾಣಲಿಲ್ಲ. ಆಮೇಲೆ ವಿಚಾರಿಸಿದರೆ ಅವನೆಂದ, "ನನಗೆ ಅವರು ಹೇಳಿದ್ದು ಒಂದಕ್ಷರ ಕೇಳಲಿಲ್ಲ ಭಾವ. ಅವರಿಗೆ ಮಾತ್ರ ನಾನಂದಿದ್ದೆಲ್ಲ ತಿಳೀತು."

ಗ್ರೈಂಡರ್ ನಿಂತಿತು. ಅವರು ನನಗೆ ಬೆನ್ನು ಹಾಕಿ ದಿಂಬು ತೆಗೆಯುತ್ತಿದ್ದರು. "ಮಿಲ್ಲಮ್ಮಾ," ಎಂದೆ. ಇಲ್ಲ. ಜೋರಾಗಿ ಕರೆದೆ. ಇಲ್ಲ. ಕಬ್ಬಿಣದ ಕೊಳವೆಯೊಂದನ್ನು ನೆಲಕ್ಕೆ ಬಿಟ್ಟೆ. ಭಾವಮೈದ ಬೆಚ್ಚಿಬಿದ್ದ. ಅವರು ದಿಂಬಿನ ಧೂಳು ಕೊಡವುತ್ತಲೇ ಇದ್ದರು.

ಅವರ ಮುಂದೆ ಹೋಗಿ ನಿಂತು, ಎರಡೂ ಕೈಯಿಂದ ಮೀಸೆಯನ್ನು ಮೇಲೆತ್ತಿ ಹಿಡಿದು ಕೇಳಿದೆ:

"ನಿಮಗೆ ಕೇಳಿಸಲ್ವಾ?"

ಅವರು ನನ್ನ ತುಟಿಗಳನ್ನು ಮೊದಲ ಸಲ ಕಂಡರು. ದಿಂಬನ್ನು ಎದೆಗೆ ಒತ್ತಿಕೊಂಡು ಬಾನೆಟ್ಟಿಗೆ ಒರಗಿದರು.

"ಇಲ್ಲ ಕಣಯ್ಯ. ಕಿವೀನ ಮಿಲ್ಲಲ್ಲೇ ಬಿಟ್ಟು ಬಂದೆ."

"ಯಾರಿಗೂ ಹೇಳಲಿಲ್ವಾ?"

"ಅಲ್ಲಿ ಕೇಳಲ್ಲ ಅಂದವರನ್ನ ಮನೆಗೆ ಕಳಿಸ್ತಿದ್ರು. ಬಾಯಿ ಮುಚ್ಕೊಂಡು ಬಾಯಿ ನೋಡೋದು ಕಲಿತ್ವಿ ಎಲ್ಲರೂ. ಮಗ್ಗದ ಮೇಲೆ ಅಂಗೈ ಇಟ್ರೆ ಎಳೆ ಕಡಿಯೋ ಮುಂಚೆ ಗೊತ್ತಾಗ್ತಿತ್ತು. ಈ ಗಾಡೀನೂ ಹಾಗೇ. ನಡುಕ ಬಂದ್ರೆ ಹೊತ್ತಿಕೊಂಡಿದೆ ಅಂತ. ಸಣ್ಣಗಾದ್ರೆ ಗೇರ್ ಏರಿಸು ಅಂತ, ಒದರಾಡಿದ್ರೆ ಇಳಿಸು ಅಂತ." ಅವರು ನನ್ನ ಹೊಳೆಯುವ ಎಂಜಿನ್ನನ್ನು ನೋಡಿದರು. "ಇದು ಹೆಣದ ಥರ ಕೂತಿರುತ್ತೆ."

"ಆವತ್ತು ನಾನು ಹೇಳಿದ್ದೆನಲ್ಲ, ನಡುಕ ಇರಲ್ಲ ಅಂತ."

"ನೀನು ಏನು ಹೇಳಿದ್ಯೋ, ನನಗೆ ಮೀಸೆ ಅಲ್ಲಾಡಿದ್ದು ಕಂಡಿತು. ಇರುತ್ತೆ ಅಂದೆ ಅಂದ್ಕೊಂಡೆ." ಬಾನೆಟ್ಟನ್ನು ತಟ್ಟಿ ಅಂದರು: "ನನ್ನ ಗಾಡಿ. ಮಗ ನಿನ್ನ ಕೇಳಿದ, ನೀನು ಅವನನ್ನ ಕೇಳಿದೆ. ನನಗೆ ಕೇಳಲ್ಲ, ಸರಿ. ನೀವಾದ್ರೂ ನನ್ನ ಕೇಳಬಹುದಿತ್ತು."

ಸಿಟ್ಟಿನವನಿಗೆ ಬಾಯಿ ಕಟ್ಟಿದರೆ ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. "ಎಂಜಿನ್ ಎಷ್ಟು ಜೋರು ಸುತ್ತುತ್ತಿದೆ ಅಂತ ತೋರಿಸೋ ಮುಳ್ಳಿನ ಮೀಟರ್ ಒಂದು ಹಾಕಿಕೊಡ್ಲಾ?" ಎಂದೆ.

"ಮೀಟರ್ ನೋಡಲೋ, ರಸ್ತೆ ನೋಡಲೋ? ಕಿವಿ ಕೆಲಸಾನೂ ಕಣ್ಣೇ ಮಾಡ್ತಿದೆ. ಅದಕ್ಕೆ ಇನ್ನೂ ಹೊರಿಸಬೇಡ."

ಮೂರು ಕನ್ನಡಿಗಳು ಯಾಕೆಂದು ಆಗ ಅರ್ಥವಾಯಿತು. ಉಳಿದದ್ದು ಒಂದೇ ದಾರಿ. ನನ್ನ ಕೈಯಿಂದ ಆದ ಅತ್ಯಂತ ಒಳ್ಳೆಯ ಕೆಲಸವನ್ನು ನನ್ನ ಕೈಯಿಂದಲೇ ಕೆಡಿಸಬೇಕು. ಗೇರ್ ಕಡ್ಡಿಯ ಬುಡದ ರಬ್ಬರ್ ಬಳೆಯನ್ನು ಕಿತ್ತೆ. ಎಂಜಿನ್ನಿನ ಕಾಲ ಕೆಳಗಿನ ಮೆತ್ತನೆಯದನ್ನು ತೆಗೆದು, ಲಾರಿಗೆ ಹಾಕುವ ಗಟ್ಟಿ ರಬ್ಬರನ್ನು ಕೊಯ್ದು ಕೂರಿಸಿದೆ. ಅವರು ಒಳಗೆ ಕೂತು ಕಡ್ಡಿಯ ಮೇಲೆ ಅಂಗೈಯಿಟ್ಟರು. ನಾನು ಕಿಟಕಿಯ ಬಳಿ ಬಂದು, ಮೀಸೆ ಎತ್ತಿ ಹಿಡಿದು, "ಸಾಕಾ?" ಎಂದೆ. "ಸಾಲದು." ಒಂದು ಕಡೆ ರಬ್ಬರೇ ಬೇಡವೆಂದು ಕಬ್ಬಿಣದ ಬಿಲ್ಲೆ ಕೊಟ್ಟೆ. ಮೀಸೆ ಎತ್ತಿದೆ. "ಈಗ?" "ಬರ್ತಿದೆ, ಇನ್ನೂ ಸ್ವಲ್ಪ." ಗ್ರೀಸಿನ ಕೈಯಲ್ಲಿ ಪ್ರತಿ ಸಲ ಮೀಸೆ ಎತ್ತಿ ಎತ್ತಿ ಅದು ಮೂಗಿಗೆ ಅಂಟಿಕೊಳ್ಳತೊಡಗಿತು. ಒಮ್ಮೆ ಅವರು, "ಏನಂದೆ?" ಎಂದು ಕತ್ತು ಚಾಚಿದರು. ನನ್ನ ಮಾತು ತಿಳಿಯಲು ಇಷ್ಟು ವರ್ಷ ಅವರು ಹೀಗೇ ಕತ್ತು ಚಾಚಿದ್ದಾರೆ, ನಾನು ಅದನ್ನು ಕೆಣಕುವುದೆಂದು ತಿಳಿದಿದ್ದೆ. ಒಳಗೆ ಹೋಗಿ ಒಡೆದ ಕನ್ನಡಿಯ ಮುಂದೆ ನಿಂತು ಕತ್ತರಿ ತೆಗೆದುಕೊಂಡೆ.

ಹೊರಗೆ ಬಂದಾಗ ಭಾವಮೈದ ಮುಖದ ಗವಸು ಎತ್ತಿ ನೋಡಿ, ಮತ್ತೆ ಇಳಿಸಿಕೊಂಡ. ಮೇಲ್ದುಟಿಗೆ ಗಾಳಿ ತಾಗಿ ಬತ್ತಲೆ ನಿಂತ ಹಾಗಾಗುತ್ತಿತ್ತು.

"ಇನ್ನೇನು ಮಾಡ್ಲಿ, ಹೇಳಿ," ಎಂದೆ.

ಮಿಲ್ಲಮ್ಮ ಈ ಸಲ ಕತ್ತು ಚಾಚಲಿಲ್ಲ. "ಓಟ ಒಂಚೂರು ನಿಧಾನ ಮಾಡು ಮೀಸೆ," ಎಂದರು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಗಾಡಿ ನಿಂತಿದ್ದಾಗ ಎಂಜಿನ್ ಬರಿದೇ ಓಡುವ ವೇಗವನ್ನು ಇಳಿಸಿದೆ. ಇಡೀ ಗಾಡಿ ಸಣ್ಣಗೆ ನಡುಗತೊಡಗಿತು. ಬಾಗಿಲು ಗಡಗಡ ಎಂದಿತು. ಬಾನೆಟ್ಟಿನ ಮೇಲೆ ಲೋಟ ಇಟ್ಟಿದ್ದರೆ ನೀರೆಲ್ಲ ಚೆಲ್ಲುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡರು.

"ಬಂತು," ಎಂದರು.

ಸಂಜೆ ಮಗ ಬಂದ. ಕೊಳ್ಳುವವರು ಹಿಂದೆ ಬರುತ್ತಿದ್ದರು. ಅಮ್ಮ ಚಾಲಕನ ಸೀಟಿನಲ್ಲಿ ಕೂತದ್ದು ಕಂಡು ಅವನು ಹಿಂದಿನಿಂದಲೇ ಮಾತು ಶುರುಮಾಡಿದ. ನಾನು ಅವನ ತೋಳು ಹಿಡಿದೆ. "ಮುಂದೆ ಹೋಗು. ಮುಖ ತೋರಿಸಿ ಮಾತಾಡು." ಅವನಿಗೆ ನನ್ನ ಗುರುತು ಸಿಗುವುದಕ್ಕೇ ತುಸು ಹೊತ್ತು ಹಿಡಿಯಿತು.

"ಮರೆವಲ್ಲಪ್ಪ," ಎಂದರು ಮಿಲ್ಲಮ್ಮ, ಅವನು ಎದುರು ಬಂದಾಗ. "ಕಿವಿ. ನೀನು ಚಿಕ್ಕವನಿದ್ದಾಗಿನಿಂದ."

ಅವನು ಬಾಗಿಲು ಹಿಡಿದುಕೊಂಡು ನಿಂತ. ಬೈಯುತ್ತಾನೆ ಎಂದುಕೊಂಡೆ, ಅಳುತ್ತಾನೆ ಎಂದುಕೊಂಡೆ. ಅವನ ಮನಸ್ಸು ಬೇರೆಲ್ಲೋ ಹೋಗಿತ್ತು.

"ಹಿಂದಿನ ಸೀಟಲ್ಲಿ ಕೂತು ಶಾಲೆಯ ಸುದ್ದಿ ಎಲ್ಲಾ ಹೇಳ್ತಿದ್ದೆ ನಾನು," ಎಂದ. "ಒಂದಕ್ಕೂ ಉತ್ತರ ಕೊಡ್ತಿರಲಿಲ್ಲ ನೀನು. ಗಾಡೀಲಿ ಮಾತು ಬೇಡ ಅಂತ ನೀನೇ ಕಟ್ಟಳೆ ಮಾಡಿದ್ದೆ. ನನ್ನ ಮಾತಂದ್ರೆ ನಿಂಗೆ ಬೇಡ ಅಂದ್ಕೊಂಡು ಬೆಳೆದೆ."

ಮಿಲ್ಲಮ್ಮ ಒಳಗಿನ ಕನ್ನಡಿಯತ್ತ ಕೈ ತೋರಿಸಿದರು. "ಕನ್ನಡೀಲಿ ನಿನ್ನ ಬಾಯಿ ಆಡೋದು ಕಾಣ್ತಿತ್ತು. ಅದನ್ನೇ ನೋಡ್ತಿದ್ರೆ ರಸ್ತೆ ನೋಡೋರ್ಯಾರು? ಮನೆಗೆ ಹೋದ್ಮೇಲೆ ಕೇಳೋಣ ಅಂದ್ಕೊಳ್ತಿದ್ದೆ. ಅಷ್ಟೊತ್ತಿಗೆ ನಿನಗೆ ನಿದ್ದೆ."

ಕೊಳ್ಳುವವರು ಬಂದು ಹೊರಗೆ ನಿಂತಿದ್ದರು. ಮಗ ಜೇಬಿನಿಂದ ತನ್ನ ಹತ್ತಿರವಿದ್ದ ಇನ್ನೊಂದು ಕೀ ತೆಗೆದ. ಮೊಣಕಾಲೂರಿ, ಅಮ್ಮನ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದ:

"ಅಮ್ಮ, ಗಾಡಿ ಮಾರಲಾ, ಬೇಡವಾ?"

"ಈಗ ಕೇಳಿದೆ," ಎಂದರು ಅವರು. ಅವನು ಕೇಳಿದ ಎಂದೋ, ತಮಗೆ ಕೇಳಿತು ಎಂದೋ, ನನಗೆ ಇವತ್ತಿಗೂ ಗೊತ್ತಿಲ್ಲ. "ಬೇಡ. ತಂಗಿ ತಲೆ ಬಾಚಿ ಎಷ್ಟು ದಿನ ಆಯ್ತು."

"ಹಿಂದಿನೋರು ಹಾರ್ನ್ ಹೊಡೆದ್ರೆ?"

"ಮೂರು ಕನ್ನಡಿ ಇವೆ. ಅವರು ಹೊಡೆಯೋ ಮುಂಚೇನೇ ನಾನು ನೋಡಿರ್ತೀನಿ."

ಮಗ ಕೀಯನ್ನು ಅವರ ಅಂಗೈಯಲ್ಲಿಟ್ಟ. ಕೊಳ್ಳುವವರಿಗೆ ನಾನೇ ಹೋಗಿ ಗಾಡಿ ಸರಿಯಿಲ್ಲ, ಎಂಜಿನ್ ನಡುಗುತ್ತದೆ ಎಂದು ಹೇಳಿ ಕಳಿಸಿದೆ.

ಮಿಲ್ಲಮ್ಮ ಕಡ್ಡಿಯ ಮೇಲೆ ಕೈಯಿಟ್ಟು ಕಾದು, ಒಂದೇ ಸಲಕ್ಕೆ ಗೇರ್ ಹಾಕಿದರು. ಗಾಡಿ ಕುಪ್ಪಳಿಸಲಿಲ್ಲ. ಮಗ ಪಕ್ಕದಲ್ಲಿ ಕೂತಿದ್ದ. ತಿರುವಿನ ಹತ್ತಿರ ಅವನು ಅಮ್ಮನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದದ್ದು ಹಿಂದಿನ ಗಾಜಿನಿಂದ ಕಂಡಿತು. ಆಮೇಲೆ ನೆನಪಾಗಿ ಬಾಯಿ ಮುಚ್ಚಿಕೊಂಡು, ಮನೆ ಬರಲಿ ಎಂದು ರಸ್ತೆ ನೋಡುತ್ತ ಕೂತ.